ಮುಯ್ಯಿ ಯಾರಿಗೆ

ಹಣಕೋಣದ ಜಯಂತಿಗೆ ಮಳೆಗಾಲ ಶುರುವಾದಾಗಿನಿಂದ ನಿದ್ದೆಯಿಲ್ಲ. ಮನೆಯವರು ಕೈಕಟ್ಟಿ ಕೂತಿದ್ದರು ಎಂದರೆ ನಾಲಿಗೆ ಬಿದ್ದುಹೋದೀತು. ಅತ್ತೆ ಉಪ್ಪು ಮೆಣಸು ನಿವಾಳಿಸಿದ್ದರು. ಗಂಡ ಮಧುಕರ ಊರಿನ ರೈತಸಂಘದ ಅಧ್ಯಕ್ಷ. ಮಹಿಳಾ ದಿನಾಚರಣೆಯಲ್ಲಿ ಹೆಣ್ಣಿನ ನೆಮ್ಮದಿಯ ಬಗ್ಗೆ ಭಾಷಣ ಮಾಡಿ ಶಾಲು ಹೊದ್ದು ಬಂದವನು. ಅವನೂ ಒಂದು ಮದ್ದು ಹುಡುಕಿದ್ದ. ಕೊಟ್ಟಿಗೆಗೆ ಇನ್ನೆರಡು ಎಮ್ಮೆ ತಂದ. ಮೈ ದಣಿದರೆ ನಿದ್ದೆ ತಾನಾಗಿ ಬರುತ್ತದಂತೆ. ಎಮ್ಮೆಗಳು ಚೆನ್ನಾಗಿ ನಿದ್ದೆ ಮಾಡಿದವು.

"ಕಾರವಾರದಲ್ಲಿ ಮನಸ್ಸಿನ ಡಾಕ್ಟರ್ ಇದ್ದಾರಂತೆ. ಒಮ್ಮೆ ಹೋಗ್ಬರ್ತೆ," ಎಂದಿದ್ದಳು ಜಯಂತಿ.

"ಗದ್ದೆ ನೆಟ್ಟಿ ಮುಗೀಲಿ ಮಾರಾಯ್ತಿ. ಜನ ಎಂತ ಹೇಳೂದು?"

ಪಾಪ, ಅವನಿಗೆ ಜನರದೇ ಚಿಂತೆ.

ನಾಟಿಯ ದಿನ ಮುಯ್ಯಾಳುಗಳು ಬಂದರು. ಜಯಂತಿ ಅವರ ಗದ್ದೆಯಲ್ಲಿ ಬಗ್ಗಿದ್ದಕ್ಕೆ ಅವರು ಇಲ್ಲಿ ಬಗ್ಗುವುದು, ಕೂಲಿಯ ಮಾತಿಲ್ಲ. ಮಧುಕರ ಯಾರ ಗದ್ದೆಗೂ ಇಳಿದವನಲ್ಲ. ಕೊಡೆ ಹಿಡಿದು ಅಂಚಿನ ಮೇಲೆ ನಿಂತು, ಸಾಲು ನೆಟ್ಟಗಿರಲಿ ಎನ್ನುವ ಕಷ್ಟದ ಕೆಲಸ ಅವನದು.

ಜಯಂತಿ ಸಸಿಯ ಕಟ್ಟನ್ನು ಬಿಡಿಸದೆ ಇಡಿಯಾಗಿ ಕೆಸರಿಗೆ ಊರಿದಳು. ಮತ್ತೊಂದು ಕಟ್ಟನ್ನೂ ಹಾಗೆಯೇ ಊರಿದಳು. ಹೆಂಗಸರು ನಕ್ಕರು. ಪಕ್ಕದಲ್ಲಿದ್ದ ಹೊನ್ನು ನಗಲಿಲ್ಲ.

"ಎಂತ ಆಯ್ತೆ ತಂಗಿ?"

"ಬಾವಿಗೆ ಹೋದ್ರೆ ಕೊಡಪಾನ ಬಿಟ್ಟು ನಾನೇ ಇಳೀಬೇಕು ಅನಿಸ್ತದೆ ಹೊನ್ನಕ್ಕ. ದಿನಾ ಅನಿಸ್ತದೆ."

ಹೊನ್ನು ಕೈಯ ಸಸಿಯನ್ನು ಅಂಚಿಗೆ ಹಾಕಿ ಸೊಂಟ ನೆಟ್ಟಗೆ ಮಾಡಿದಳು.

"ಮಧುಕರಣ್ಣ, ಇವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೆ."

"ಈಗಲಾ? ಕಿತ್ತ ಸಸಿ ಬಾಡ್ತದೆ ಹೊನ್ನು. ಮುಯ್ಯಿ ಅಂದ್ರೆ ಮುಯ್ಯಿ."

"ಹೌದಲ್ಲ. ನಮ್ಮ ಗದ್ದೇಲಿ ಬಗ್ಗಿದ್ದು ಇವಳು, ನೀವಲ್ಲ. ಮುಯ್ಯಿ ಇವಳಿಗೆ, ನಿಮ್ಮ ಗದ್ದೆಗಲ್ಲ. ಇವತ್ತು ಇವಳು ಹೇಳಿದ ಕೆಲ್ಸ ನಾವು ಮಾಡೂದು." ಜಯಂತಿಯತ್ತ ತಿರುಗಿದಳು. "ಎಂತ ಮಾಡೂದು, ನೀನೇ ಹೇಳೆ."

ಆ ಮನೆಗೆ ಬಂದ ಮೇಲೆ ಜಯಂತಿಯನ್ನು ಯಾರೂ ಹೀಗೆ ಕೇಳಿರಲಿಲ್ಲ. ಮಧುಕರ ಕಣ್ಣು ಬಿಟ್ಟು ನೋಡುತ್ತಿದ್ದ. ಅವಳಿಗೆ ಹೆದರಿಕೆಯಾಯಿತು, ಆದರೂ ಬಾಯಿ ಬಿಟ್ಟಳು.

"ಕಾರವಾರಕ್ಕೆ ಹೋಗ್ವ."

ಹೆಂಗಸರು ಒಬ್ಬೊಬ್ಬರಾಗಿ ಗದ್ದೆಯಿಂದ ಮೇಲೆ ಬಂದರು. ಕಾಲು ತೊಳೆದು, ಕೆಸರಿನ ಸೀರೆಯಲ್ಲೇ ಬಸ್ಸು ಹತ್ತಿದರು. ಆಸ್ಪತ್ರೆಯ ಬೆಂಚು ಅವರಿಗೇ ಸಾಲಲಿಲ್ಲ.

ಒಳಗೆ ಡಾಕ್ಟರಮ್ಮ ಕೇಳಿದರು, "ಗಂಡ ಬಂದಿಲ್ವಾ?"

"ಇಲ್ಲ ಡಾಕ್ಟ್ರೆ. ಅವ್ರಿಗೆ ನೆಟ್ಟಿ ಕೆಲ್ಸ ಅದೆ," ಎಂದಳು ಜಯಂತಿ. ಅವಳಿಗೇ ನಗು ಬಂತು. ನಕ್ಕು ಮುಗಿದ ಮೇಲೆ ಬಾವಿಯ ಮಾತು ತೆಗೆದಳು.