ಹನ್ನೊಂದು ಸೆಕೆಂಡಿನ ಅವ್ವ

ಕಲ್ಲೋಳಿ ಬಸ್ ಸ್ಟ್ಯಾಂಡಿನ ಎದುರಿಗೆ ಸತ್ತೆಪ್ಪನ ಪಂಚರ್ ಅಂಗಡಿ. ಅಲ್ಲಿ ಗಾಡಿ ನಿಲ್ಲಿಸಿದವರು ಟ್ಯೂಬಿಗೆ ತೇಪೆ ಬೀಳುವ ತನಕ ಸಿನಿಮಾದ ಮೇಲೆ ಒಂದು ಪ್ರವಚನ ಕೇಳಲೇಬೇಕು. ಅದಕ್ಕೆ ಬೇರೆ ರೊಕ್ಕ ಕೊಡಬೇಕಿಲ್ಲ. ಇವನ ಬಾಯಿಗೆ ಅಂಜಿ ಮೂಡಲಗಿಯ ತನಕ ಗಾಡಿ ನೂಕಿಕೊಂಡು ಹೋದ ಪುಣ್ಯಾತ್ಮರೂ ಇದ್ದಾರೆ ಎಂದು ಊರಲ್ಲಿ ಚೇಷ್ಟೆ ಮಾಡುತ್ತಾರೆ.

ಪ್ರವಚನದ ವಿಷಯ ಯಾವಾಗಲೂ ಒಂದೇ. ಹಳೆಯ ಸಿನಿಮಾವನ್ನು ಹೊಸದಾಗಿ ತೆಗೆಯುವವರು, ಮುಗಿದ ಕಥೆಗೆ ಎರಡನೆಯ ಭಾಗ ಹಚ್ಚುವವರು.

"ಮೊದಲನೇ ಪಾರ್ಟಿನ್ಯಾಗ ಹೀರೋ ಸತ್ತ. ಅಳೂದೆಲ್ಲಾ ಅತ್ತು ಮನಿಗಿ ಬಂದ್ವಿ. ಈಗ ಅಂವಗೊಬ್ಬ ಮಗ ಅದಾನಂತ, ಮೀಸಿ ಸಮೇತ. ಇಷ್ಟ ದಿನಾ ಎಲ್ಲಿ ಹೋಗಿದ್ದಾ?" ಎಂದು ಟ್ಯೂಬನ್ನು ನೀರಿನಲ್ಲಿ ಅದ್ದುತ್ತ ಕೇಳುತ್ತಿದ್ದ. "ಮತ್ತ ನಮ್ಮ ಕಡೆ ಮಾತಂತ ಎಲ್ಲಾದಕ್ಕೂ ರೀ ಹಚ್ಚತಾರ. ಎಮ್ಮಿಗೂ ರೀ, ನಾಯಿಗೂ ರೀ. ನಾವ್ ಯಾವಾಗ ಎಮ್ಮಿಗಿ ಬರ್ರೀ ಅಂದೇವೋ ಮಾರಾಯಾ?"

"ಹೊಸಾದು ಬ್ಯಾಡಾದ್ರ ನೋಡಬ್ಯಾಡೋ," ಎಂದು ಒಮ್ಮೆ ಬಸವಣ್ಣೆಪ್ಪ ಮಾಸ್ತರರು ರೇಗಿದ್ದರು. "ಹಳೇದೇನು ಓಡಿ ಹೋಗತೈತೇನು?" ಸತ್ತೆಪ್ಪ ಅವರ ಗಾಡಿಗೆ ಗಾಳಿ ಸ್ವಲ್ಪ ಜಾಸ್ತಿ ಹೊಡೆದ.

ಈ ಸಿಟ್ಟಿಗೆಲ್ಲ ಮೂಲ 'ಹೊಳೆಸಾಲಿನ ಹಮ್ಮೀರ' ಎಂಬ ಸಿನಿಮಾ. ಖರೆ ಹೇಳಬೇಕೆಂದರೆ ಅದೇನು ಘನವಾದ ಸಿನಿಮಾ ಅಲ್ಲ. ನಾಯಕನ ಕುದುರೆಗಿಂತ ನಾಯಕನೇ ಹೆಚ್ಚು ಕೆನೆಯುತ್ತಾನೆ. ಆದರೆ ನಲವತ್ತಾರು ವರ್ಷದ ಹಿಂದೆ ಅದರ ಶೂಟಿಂಗ್ ಧುಪದಾಳದ ಅಣೆಕಟ್ಟಿನ ಹತ್ತಿರ ನಡೆದಾಗ, ಕುದುರೆ ಓಡುವ ದಾರಿಗೆ ಒಂದು ಕುರಿಹಿಂಡು ಅಡ್ಡ ಬಂತು. ಹಿಂಡಿನ ಹಿಂದೆ ಒಬ್ಬ ಹೆಂಗಸು, ಬಗಲಲ್ಲಿ ಒಂದು ಮರಿ. ಅವಳು ನಿಂತು ಕ್ಯಾಮೆರಾವನ್ನು ನೆಟ್ಟಗೆ ನೋಡಿ ನಕ್ಕಳು. ಕುರಿ ಚೆಂದ ಕಂಡವೆಂದೋ ಏನೋ, ಸಿನಿಮಾದವರು ಅದನ್ನು ಹಾಗೇ ಇಟ್ಟುಕೊಂಡರು. ಒಟ್ಟು ಹನ್ನೊಂದು ಸೆಕೆಂಡು.

ಆ ಹೆಂಗಸು ಸತ್ತೆಪ್ಪನ ತಾಯಿ ಲಗಮವ್ವ. ಮರುವರ್ಷ ಕುರಿ ಮೇಯಿಸಲು ಹೋದ ಅಡವಿಯಲ್ಲೇ ಹಾವು ಕಡಿದು ಸತ್ತಳು. ಆಗ ಅವನಿಗೆ ಐದು ವರ್ಷ. ಅವಳದೊಂದು ಫೋಟೋ ಇರಲಿಲ್ಲ. ಊರೂರು ಅಲೆಯುವ ಕುರುಬರ ಹೆಂಗಸನ್ನು ಯಾರು ಸ್ಟುಡಿಯೋಕ್ಕೆ ಕರೆದೊಯ್ಯುತ್ತಿದ್ದರು? ಒಂಬತ್ತು ವರ್ಷದವನಿದ್ದಾಗ ಸೋದರತ್ತೆ ಗೋಕಾಕದ ಟಾಕೀಜಿನಲ್ಲಿ ಅವನ ಕೈ ಗಟ್ಟಿಯಾಗಿ ಹಿಡಿದು, "ಅಕಾ ನೋಡೋ, ನಿಮ್ಮವ್ವ! ಗದ್ದದ ಮ್ಯಾಲ ಹಚ್ಚಿ ನೋಡು!" ಎಂದಿದ್ದಳು. ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕಿ. ಬಂಗಾರ, ಬೆಳ್ಳಿ ಎಲ್ಲ ಇಲ್ಲೇ ಉಳಿಯುತ್ತದೆ, ಸತ್ತ ಮೇಲೆ ಸಂಗಡ ಬರುವುದು ಹಚ್ಚೆ ಒಂದೇ ಎಂದು ಆ ಕಾಲದ ಹೆಂಗಸರು ನಂಬಿದ್ದರು.

ಆಮೇಲೆ ಸತ್ತೆಪ್ಪ ಆ ಸಿನಿಮಾವನ್ನು ಅರವತ್ತೊಂದು ಸಲ ನೋಡಿದ. ಜನ ಅವನನ್ನು ನಾಯಕನ ಅಭಿಮಾನಿ ಎಂದುಕೊಂಡರು. ಅನ್ನಲಿ ಎಂದು ಅವನೂ ಸುಮ್ಮನಿದ್ದ.

ಮುಂದೆ ಟಾಕೀಜು ಮುಚ್ಚಿ ಮದುವೆ ಹಾಲ್ ಆಯಿತು. ಅಲ್ಲಿ ರೀಲು ಓಡಿಸುತ್ತಿದ್ದ ಜಾಫರಸಾಬ, ಯಾರೂ ವಾಪಸು ಕೇಳದ ಆ ಸಿನಿಮಾದ ಡಬ್ಬಿಗಳನ್ನು ಮನೆಗೆ ಒಯ್ದು ಮಂಚದ ಕೆಳಗಿಟ್ಟ. ವರ್ಷಕ್ಕೊಮ್ಮೆ ಸತ್ತೆಪ್ಪ ಗೋಕಾಕಕ್ಕೆ ಹೋದಾಗ, ಮುದುಕ ಎಂಟನೆಯ ಡಬ್ಬಿ ತೆರೆದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಉಗುರಿನಷ್ಟೇ ಅವ್ವ. ಅಷ್ಟು ನೋಡಿ, ಚಹಾ ಕುಡಿದು, ಸತ್ತೆಪ್ಪ ಬಸ್ಸು ಹತ್ತುತ್ತಿದ್ದ. ಸೋದರತ್ತೆಯೂ ಅಪ್ಪನೂ ತೀರಿಹೋದ ಮೇಲೆ ಆ ಮುಖ ಬಲ್ಲವನು ಅವನೊಬ್ಬನೇ ಉಳಿದ.

ಹೋದ ವರ್ಷ ಬೆಂಗಳೂರಿನಿಂದ ಅಭಿಷೇಕ ಎಂಬ ಹುಡುಗ ಕಾರಿನಲ್ಲಿ ಬಂದ. 'ಹಮ್ಮೀರ'ನ ಎರಡನೆಯ ಭಾಗ ತೆಗೆಯುತ್ತಿದ್ದಾರಂತೆ. ಮೊದಲ ಸಿನಿಮಾದ ಮೂಲ ಪ್ರತಿ ಎಲ್ಲೂ ಉಳಿದಿಲ್ಲವಂತೆ. ಜಾಫರಸಾಬ ಕೊಡಲು ಒಪ್ಪದಿದ್ದಾಗ, ಸತ್ತೆಪ್ಪ ಹೇಳಿದರೆ ಮುದುಕ ಒಪ್ಪಿಯಾನು, ಕುರಿ ಸೀನೆಂದರೆ ಸತ್ತೆಪ್ಪನಿಗೆ ಜೀವ ಎಂದು ಯಾರೋ ಹೇಳಿದ್ದರಿಂದ ಅವನು ಈ ಅಂಗಡಿ ಹುಡುಕಿಕೊಂಡು ಬಂದಿದ್ದ.

"ಹಳೇ ಸೀನೆಲ್ಲ ಫ್ಲ್ಯಾಶ್‌ಬ್ಯಾಕಲ್ಲಿ ಬರುತ್ತೆ ಸರ್. ಕುರಿ ಸೀನೂ ಇರುತ್ತೆ. ನೀಟಾಗಿ ಕ್ಲೀನ್ ಮಾಡಿ, ರೀಲ್ ವಾಪಸ್ ಕೊಡ್ತೀವಿ."

ಜನ್ಮವಿಡೀ ಎರಡನೆಯ ಭಾಗಗಳ ಜನ್ಮ ಜಾಲಾಡಿದ ಮನುಷ್ಯ ಅವತ್ತು ಅಂಗಡಿ ಮುಚ್ಚಿ ಆ ಕಾರಿನಲ್ಲೇ ಗೋಕಾಕಕ್ಕೆ ಹೋದ. ಆಸೆ ಬಂದವನಿಗೆ ಸಿದ್ಧಾಂತ ಎಲ್ಲಿಯದು? ಅವ್ವ ಮತ್ತೊಮ್ಮೆ ಮನೆಯಷ್ಟು ದೊಡ್ಡದಾಗಿ ನಿಲ್ಲುತ್ತಾಳೆ, ನಡೆಯುತ್ತಾಳೆ, ನಗುತ್ತಾಳೆ. ಹೆಂಡತಿಗೆ ಅತ್ತೆಯನ್ನು, ಮಗಳಿಗೆ ಅಜ್ಜಿಯನ್ನು ತೋರಿಸಬಹುದು.

"ಕೈ ಬಿಟ್ಟ ರೀಲು ತಿರುಗಿ ಬಂದದ್ದು ನಾ ನೋಡಿಲ್ಲಪಾ," ಎಂದ ಜಾಫರಸಾಬ.

"ಇಲ್ಲೇ ಇದ್ರೂ ಕೊಳಿಯೂದ ಅಲ್ಲೇನು ಕಾಕಾ? ಡಬ್ಬಿ ತಗದ್ರ ಹುಳಿ ನಾತ ಹೊಡ್ಯಾಕತ್ತೈತಿ."

ಅದು ಖರೆ. ಮುದುಕ ಸೊಸೆ ಜಹೀರಾಳಿಂದ ಕತ್ತರಿ ತರಿಸಿದ. "ಹಂಗಾರ ನಿಮ್ಮವ್ವ ಇರೂವಲ್ಲಿ ಎರಡ ಫ್ರೇಮ ಕತ್ತರಿಸಿ ಇಟ್ಕೋ. ಹೊರಗ ನಿಂತ ಆ ಹುಡುಗಗೇನೂ ಗೊತ್ತಾಗೂದಿಲ್ಲ."

ಸತ್ತೆಪ್ಪನೊಳಗಿನ ಅಭಿಮಾನಿ ಸೆಟೆದು ನಿಂತ. ಟಾಕೀಜಿನವರು ಆಟ ಬೇಗ ಮುಗಿಸಲು ರೀಲಿಗೆ ಕತ್ತರಿ ಹಾಕಿದಾಗಲೆಲ್ಲ ಕುರ್ಚಿ ಬಡಿದು ಗಲಾಟೆ ಮಾಡಿದವನು ಅವನು.

"ಕತ್ತರಿ ಬ್ಯಾಡ ಕಾಕಾ. ಎರಡ ಫ್ರೇಮ ಹೋದ್ರ ಪರದೇ ಮ್ಯಾಲ ಆಕಿ ನಕ್ಕಾಗ ಜಿಗದಂಗ ಕಾಣತೈತಿ. ಪೂರಾ ಹೋಗಲಿ."

ಪೂರಾ ಹೋಯಿತು.

ಈ ಮಳೆಗಾಲದಲ್ಲಿ ಎರಡನೆಯ ಭಾಗ ಬಂತು. ಹುಕ್ಕೇರಿಯ ಟಾಕೀಜಿನಲ್ಲಿ ಮಧ್ಯಾಹ್ನದ ಆಟ. ಹೆಂಡತಿ ಶೈಲಾ ಹೊಸ ಸೀರೆ ಉಟ್ಟಿದ್ದಳು. ಮಗಳು ಅರ್ಚನಾ ಮೊಬೈಲ್ ತೆಗೆದು ಸಜ್ಜಾಗಿ ಕೂತಿದ್ದಳು. ಹಮ್ಮೀರನ ಮಗನ ಮೀಸೆ, ಅವನ ಅರಚಾಟ, ರೀ ಅನ್ನಿಸಿಕೊಳ್ಳುವ ಎಮ್ಮೆ, ಎಲ್ಲವನ್ನೂ ಸತ್ತೆಪ್ಪ ಹಲ್ಲು ಕಚ್ಚಿ ಸಹಿಸಿದ. ಮಧ್ಯಂತರವಾದ ಮೇಲೆ ಧುಪದಾಳದ ಅಣೆಕಟ್ಟು ಕಂಡಿತು.

ಕುರಿಗಳು ಬಂದವು. ಉಣ್ಣೆಯ ಒಂದೊಂದು ಎಳೆಯನ್ನೂ ಎಣಿಸುವಷ್ಟು ಸ್ಪಷ್ಟ. ಹಿಂದೆ ಹೆಂಗಸು ಬಂದಳು, ಬಗಲಲ್ಲಿ ಮರಿ. ನಿಂತಳು. ನೋಡಿದಳು. ನಕ್ಕಳು.

ಅವಳು ಅವ್ವನಲ್ಲ.

ಸೀರೆ ಅದೇ, ಮರಿ ಅದೇ, ನಿಂತ ರೀತಿಯೂ ಅದೇ. ಮುಖ ಮಾತ್ರ ಬೇರೆ ಯಾರದೋ. ಕೆನೆಯಂಥ ನುಣುಪು ಕೆನ್ನೆ, ತಿದ್ದಿದ ಹುಬ್ಬು, ಜೋಡಿಸಿಟ್ಟ ಹಲ್ಲು. ಗದ್ದದ ಮೇಲೆ ಒಂದು ಚುಕ್ಕಿಯೂ ಇರಲಿಲ್ಲ.

"ಅಯ್ಯ, ಅತ್ತಿ ಎಷ್ಟ ಚಂದ ಇದ್ರು!" ಎಂದು ಶೈಲಾ ಕಣ್ಣೀರು ತೆಗೆದಳು. ಅರ್ಚನಾ ಅಷ್ಟರಲ್ಲಿ ಫೋಟೋ ತೆಗೆದಾಗಿತ್ತು. ಅವರು ನಿಜವಾದ ಮುಖವನ್ನು ಎಂದೂ ನೋಡಿದವರಲ್ಲ.

ಸತ್ತೆಪ್ಪ ಅವರಿಬ್ಬರನ್ನೂ ಅಲ್ಲೇ ಬಿಟ್ಟು ಹೊರಗೆ ಬಂದವನೇ ಅಭಿಷೇಕನಿಗೆ ಫೋನ್ ಹಚ್ಚಿದ.

"ಮುಖ ಎಲ್ಲಾ ಮಸುಕಾಗಿತ್ತು ಸರ್, ಕಂಪ್ಯೂಟರೇ ಹೊಸದಾಗಿ ಕಟ್ಟಿದೆ. ಸೂಪರ್ ಅಲ್ವಾ?"

"ಗದ್ದದ ಮ್ಯಾಲ ಮೂರ ಚುಕ್ಕಿ ಇದ್ವಲ್ಲೋ ತಮ್ಮಾ."

"ರೀಲಲ್ಲಿ ತುಂಬಾ ಕಲೆ, ಗೀರು ಇತ್ತು. ಎಲ್ಲಾ ಕ್ಲೀನಾಗಿದೆ."

"ರೀಲು?"

"ಅದು ಪೂರ್ತಿ ಹಾಳಾಗಿತ್ತು ಸರ್. ಒಂದು ಸಲ ಮಷೀನಿಗೆ ಹಾಕಿದ ಮೇಲೆ ಪುಡಿಯಾಯ್ತು, ಎಸೆದುಬಿಟ್ರು. ಕ್ಲೀನ್ ಮಾಡೋ ಮುಂಚಿನ ಕಾಪಿನೂ ಇಟ್ಕೊಂಡಿಲ್ಲ, ಈ ಕ್ಲೀನ್ ಮಾಡಿದ್ದೊಂದೇ ಇರೋದು."

ಮರುದಿನ ಸತ್ತೆಪ್ಪ ಗೋಕಾಕಕ್ಕೆ ಹೋಗಿ ಜಾಫರಸಾಬನ ಮುಂದೆ ಕೂತ. ಬೈಯಲು ಹೋಗಿರಲಿಲ್ಲ. ಬೈಸಿಕೊಳ್ಳಬೇಕಾದವನು ತಾನೇ ಎಂದು ಅವನಿಗೆ ಗೊತ್ತಿತ್ತು.

"ಕಾಕಾ, ನೀ ನೂರಾರ ಸಲ ಆ ರೀಲು ಓಡಿಸಿದಾಂವ. ನಮ್ಮವ್ವನ ಮಾರಿ ಹೆಂಗಿತ್ತು, ಹೇಳು. ನಂಗ ಸ್ವಲ್ಪ ಹೇಳು."

ಮುದುಕನ ಬೆಳ್ಳಗಾದ ಕಣ್ಣು ತುಂಬಿ ಬಂದವು. "ಸಿನಿಮಾ ನೋಡಾವರು ನೀವಪಾ. ನಾ ಮಷೀನಿನ ಬೆಂಕಿ ನೋಡಾವ. ಕಣ್ಣ ತಗದ್ರ ಬೆಳಕ ಕೊಡೂ ಕಾರ್ಬನ್ ಕಡ್ಡಿ ಆರತಿತ್ತು. ಕಿಟಕ್ಯಾಗ ಹಿಡದಾಗ ನನಗೇನ್ ಕಾಣತಿತ್ತು? ನೀ ಅಳತೀಯಂತ ಹಿಡಕೊಂಡ ನಿಂತಿರ್ತಿದ್ದೆ."

ಮಹಾನವಮಿ ಅಮಾವಾಸ್ಯೆ ಬಂತು, ಹಿರಿಯರಿಗೆ ಎಡೆ ಹಿಡಿಯುವ ದಿನ. ಪ್ರತಿ ವರ್ಷ ಲಗಮವ್ವನ ಹೆಸರಿಗೆ ಒಂದು ತುಂಬಿದ ತಂಬಿಗೆ ಇಟ್ಟು, ಅದರ ಮೇಲೆ ಕುಬಸದ ಖಣ ಹೊದಿಸುತ್ತಿದ್ದರು. ಈ ಸಲ ಅರ್ಚನಾ ಅಪ್ಪನಿಗೆ ಹೇಳದೆ, ಟಾಕೀಜಿನಲ್ಲಿ ತೆಗೆದ ಫೋಟೋಗೆ ಕಟ್ಟು ಹಾಕಿಸಿ ತಂದಿದ್ದಳು. ಗೋಡೆಯ ಮೇಲೆ, ಸೇವಂತಿಗೆ ಮಾಲೆಯ ನಡುವೆ, ಕಂಪ್ಯೂಟರಿನ ಹೆಂಗಸು ನಗುತ್ತಿದ್ದಳು. ಬೀಗರು ಬಂದು ಕೈ ಮುಗಿದರು. ಒಬ್ಬಳು ಮುದುಕಿ, "ಅರ್ಚನಾಗ ಅಜ್ಜಿದ ಕಳೆ ಐತಿ ನೋಡ್ರಿ," ಎಂದಳು. ಎಲ್ಲರೂ ಹೌದು ಹೌದು ಎಂದರು.

ಸತ್ತೆಪ್ಪ ಹೋಳಿಗೆಯ ತಾಟು ಹಿಡಿದು ನಿಂತ. ಕಣ್ಣು ಮುಚ್ಚಿ ಅವ್ವನನ್ನು ಕರೆದ. ಅರವತ್ತೊಂದು ಸಲ ನೋಡಿದ ಮುಖ, ಬಾರದೆ ಎಲ್ಲಿಗೆ ಹೋಗುತ್ತದೆ? ಅಣೆಕಟ್ಟು ಬಂತು, ಕುರಿ ಬಂದವು, ಮರಿ ಬಂತು. ಆಮೇಲೆ ನುಣುಪು ಕೆನ್ನೆ, ತಿದ್ದಿದ ಹುಬ್ಬು. ಬೇಡ ಎಂದು ತಲೆ ಕೊಡವಿ ಮತ್ತೆ ಕರೆದ. ಮತ್ತೆ ಅವಳೇ ಬಂದಳು.

"ಅಪ್ಪಾ," ಅರ್ಚನಾ ಮೆಲ್ಲಗೆ ಅವನ ತೋಳು ಮುಟ್ಟಿದಳು. "ನೀ ಏನೂ ಅನ್ನಾಕ ಒಲ್ಲಿ. ಅಜ್ಜಿ ಹಿಂಗ ಇದ್ಳಲ್ಲಾ?"

ಮಗಳ ಮನಸ್ಸು ನೋಯಬಾರದೆಂದು ಒಂದು ಸುಳ್ಳು ಹೇಳಿದರಾಯಿತು ಎಂದುಕೊಂಡ. "ಹೂಂ ಅವ್ವಾ, ಹಿಂಗ ಇದ್ಳು," ಎಂದ. ಅಂದು ಹೋಳಿಗೆಯ ತಾಟನ್ನು ಆ ಫೋಟೋದ ಮುಂದೆ ಇಟ್ಟ. ಅದು ಸುಳ್ಳೆಂದು ಹೇಳಲು ಅವನ ಹತ್ತಿರ ಈಗ ಬೇರೆ ಮುಖವೇ ಉಳಿದಿರಲಿಲ್ಲ.