ಕೋಳಿಗಳಿಗೆ ಬೆಳ್ಳಿ ಸೂರು

“ಹಾಳೆ ಹರದ್ರೆ ನಿನ್ ಚರ್ಮ ಸುಲದು ಅಲ್ಲಿ ಹೊಡಸ್ತೀನಿ, ಸೂಳೆಮಗನೆ!”

ಕೋಳಿ ಫಾರಂ ಮಾಲೀಕ ಶಿವಮೂರ್ತಪ್ಪ ಖಾಲಿ ಶೆಡ್ಡಿನೊಳಗೆ ನಿಂತು ಅರಚುತ್ತಿದ್ದ. ಓಬಣ್ಣ ಏಣಿಯ ಮೇಲೆ ನಿಂತು ತಗಡಿನ ಕೆಳಗೆ ಬೆಳ್ಳಿ ಬಣ್ಣದ ಹಾಳೆ ಕಟ್ಟುತ್ತಿದ್ದ. ಅವನ ಹೆಂಡತಿ ಉಚ್ಚಂಗಮ್ಮ ಏಣಿ ಹಿಡಿದಿದ್ದಳು. ಕಾದ ತಗಡಿನ ಝಳವನ್ನು ಈ ಹಾಳೆ ಕೆಳಗಿಳಿಯಲು ಬಿಡುವುದಿಲ್ಲವಂತೆ. ಜಗಳೂರು ಕಡೆಯ ಬಿಸಿಲಿಗೆ ಕೋಳಿಗಳು ಪಟಪಟನೆ ಸಾಯುತ್ತಿದ್ದವು. ಆಳುಗಳು ಅಷ್ಟು ಸಲೀಸಾಗಿ ಸಾಯುತ್ತಿರಲಿಲ್ಲವಾದ್ದರಿಂದ ಅವರ ಮನೆಯ ತಗಡಿನ ಚಿಂತೆ ಯಾರಿಗೂ ಇರಲಿಲ್ಲ.

ಕೆಲಸ ಮುಗಿದಾಗ ಒಂದಿಷ್ಟು ಹಾಳೆ ಉಳಿಯಿತು.

“ಸಾವ್ಕಾರ್ರೆ, ಮಿಕ್ಕಿದ್ದು ನಮ್ ಮನಿಗೆ ಕಟ್ಕಂತೀವ್ರಿ. ಮಗಳು ಬಾಣಂತನಕ್ಕೆ ಬರ್ತಾಳೆ,” ಎಂದಳು ಉಚ್ಚಂಗಮ್ಮ.

“ನಿಮ್ಗ್ಯಾಕಲೇ ಇದು? ಹುಟ್ಟಿದಾಗಿಂದ ಬಿಸ್ಲಾಗೇ ಬಿದ್ದಿರೋರು. ನನ್ ಕಾರ್ ಶೆಡ್ಡಿಗೆ ಬೇಕು ತಗಿ.”

ಓಬಣ್ಣನೇ ಅದನ್ನು ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟ.

ಹೊಸ ಮರಿಗಳು ಬಂದು, ತಂಪಿನಲ್ಲಿ ತಿಂದು ಬಲಿತವು. ಮಗಳು ಅಕ್ಷಿತಾ ಹಸುಗೂಸಿನೊಂದಿಗೆ ತವರಿಗೆ ಬಂದು ತಗಡಿನ ಕೆಳಗೆ ಮಲಗಿದಳು. ಕೂಸಿನ ಮೈತುಂಬ ಬೆವರುಸಾಲೆ ಎದ್ದಿತು. ಆಮೇಲೆ ಮೈ ಕಾದು ಮೊಲೆ ಹಿಡಿಯುವುದನ್ನೇ ಬಿಟ್ಟಿತು. ಆಸ್ಪತ್ರೆಯ ನರ್ಸಮ್ಮ ಔಷಧಿ ಕೊಟ್ಟು, “ತಣ್ಣಗಿರೋ ಕಡೆ ಮಲಗ್ಸಮ್ಮ” ಎಂದು ಹೇಳಿ ಕಳಿಸಿದ್ದಳು.

ಮಟಮಟ ಮಧ್ಯಾಹ್ನ ಕೂಸು ಅಳುವುದನ್ನೂ ನಿಲ್ಲಿಸಿತು. ಉಚ್ಚಂಗಮ್ಮನಿಗೆ ಇನ್ನು ಇದು ಉಳಿಯುವುದಿಲ್ಲ ಅನ್ನಿಸಿತು. ಕೂಸನ್ನೆತ್ತಿಕೊಂಡು, ಮಗಳ ರಟ್ಟೆ ಹಿಡಿದು ಎಬ್ಬಿಸಿ, ಸೀದಾ ಕೋಳಿ ಶೆಡ್ಡಿಗೆ ನಡೆದಳು. ಒಳಗೆ ನಾತವಿತ್ತು, ತಂಪೂ ಇತ್ತು. ಹಳೆಯ ಸೀರೆ ಹಾಸಿದರು. ಕೋಳಿಗಳು ಸರಿದು ಜಾಗ ಬಿಟ್ಟವು. ಸ್ವಲ್ಪ ಹೊತ್ತಾದ ಮೇಲೆ ಕೂಸು ಕಣ್ಣು ಬಿಟ್ಟು ಮೊಲೆ ಹಿಡಿಯಿತು.

ಊಟ ಮುಗಿಸಿ ಬಂದ ಶಿವಮೂರ್ತಪ್ಪ ಜಾಲರಿಯಾಚೆಯಿಂದ ಇದನ್ನು ನೋಡಿದ. ಅರಚಲು ತೆರೆದ ಬಾಯಿ ತೆರೆದೇ ಉಳಿಯಿತು. ಜೋರು ಸದ್ದಾದರೆ ಫಾರಂ ಕೋಳಿಗಳು ಬೆದರಿ, ಒಂದೇ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ದೀಪಾವಳಿ ಪಟಾಕಿಗೆ ಹಾಗೆ ಸತ್ತ ಕೋಳಿಗಳನ್ನು ಬುಟ್ಟಿಗಟ್ಟಲೆ ಹೊತ್ತು ಹಾಕಿದವಳು ಉಚ್ಚಂಗಮ್ಮನೇ.

“ಈಚಿಗೆ ಬಾರೇ, ಬೋಸುಡಿ,” ಎಂದು ಅವನು ಗುಟ್ಟು ಹೇಳುವವನಂತೆ ಪಿಸುಗುಟ್ಟಿದ. “ಜಾತಿಗೆಟ್ಟ ಮುಂಡೆ, ಸಿಗದಾಕ್ತೀನಿ.”

ಉಚ್ಚಂಗಮ್ಮ ಒಳಗಿನಿಂದ ಚಿಲಕ ಹಾಕಿದಳು. ಮೇವಿನ ತಗಡಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಕೈಗೊಂದು ಕಟ್ಟಿಗೆ ತೆಗೆದುಕೊಂಡು ಮಗಳ ಪಕ್ಕದಲ್ಲಿ ಕುಳಿತಳು.

“ಸರಿಯಾಗಿ ಕೇಳ್ಸಂಗಿಲ್ರಿ ಸಾವ್ಕಾರ್ರೆ,” ಎಂದಳು. “ಒಂಚೂರು ಜೋರಾಗಿ ಬೈರಿ.”