ಒಂದೇ ಕಣದ ಸಂತಾನ

ನನ್ನ ತಮ್ಮನದು ಕಟಿಂಗ್ ಶಾಪು. ಗಂಡ ಹೋದ ಮೇಲೆ ಅವನ ಮನೆಯಲ್ಲೇ ನನ್ನ ಠಿಕಾಣಿ. ಕೆಲವು ವರ್ಷದ ಹಿಂದೆ ಅವನ ರಕ್ತ ಕೆಟ್ಟಾಗ ನನ್ನ ಸ್ಟೆಮ್ ಸೆಲ್ ತೆಗೆದು ಅವನಿಗೆ ಹಾಕಿದ್ದರು. ರಕ್ತ ಹುಟ್ಟಿಸುವ ಕಣಗಳಂತೆ ಅವು. ಅವತ್ತಿನಿಂದ ನನ್ನ ಬಾಯಿಗೆ ಬೀಗವಿಲ್ಲ. ಅಂಗಡಿಯ ಬೆಂಚಿನ ಮೇಲೆ ಕೂತು, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಬಾಯಿ ತೆರೆಯಲಾಗದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದೆ:

"ಕತ್ತರಿ ಆಡಿಸ್ತಿರೋ ಕೈ ಇವಂದು, ರಕ್ತ ನಂದು. ನೂರು ಎಮ್ಮೆ ಬಲ ಇದೆ ಅದ್ರಲ್ಲಿ!"

"ಅದಕ್ಕೇ ನಂಗೂ ಬಾಯಿ ಜಾಸ್ತಿ ಆಗಿರೋದು," ಎನ್ನುತ್ತಿದ್ದ ತಮ್ಮ.

ಒಂದು ಬೆಳಿಗ್ಗೆ ಅವನ ತೋಳಿನ ಮೇಲೆ ನೀಲಿ ಕಲೆ ಕಂಡೆ. ಮರುದಿನ ಇನ್ನೊಂದು. ಕುರ್ಚಿಯ ಅಂಚು ತಗುಲಿದರೂ ಸಾಕು, ಶಾಯಿ ಚೆಲ್ಲಿದ ಹಾಗೆ.

"ಯಾರ ಹತ್ರ ಗುದ್ದಾಡಿದ್ಯೋ?"

"ನಿನ್ನ ಎಮ್ಮೆಗಳ ಹತ್ರ ಕಣಕ್ಕಾ."

ಆಸ್ಪತ್ರೆಯಲ್ಲಿ ಅವನ ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಅಜ್ಜಿ, ನಿಮ್ಮ ರಕ್ತಾನೂ ಬೇಕು."

"ನನಗೇನಾಗಿದೆ ತಾಯಿ? ಕಲ್ಲು ತಿಂದು ಕರಗಿಸ್ತೀನಿ."

ಅವರು ನಗಲಿಲ್ಲ. ನನ್ನ ಮಾತಿಗೆ ಗೋಡೆಯೂ ನಗುತ್ತದೆ. ಅವರು ನಗಲಿಲ್ಲವಲ್ಲ, ಆಗಲೇ ನಾನು ಸೆರಗು ಸರಿಸಿ ತೋಳು ಚಾಚಿದ್ದು.

ಫಲಿತಾಂಶ ಬಂದ ದಿನ ತಮ್ಮನ ಮಗಳೂ ಜೊತೆಗಿದ್ದಳು. ಡಾಕ್ಟರಮ್ಮ ಬಿಡಿಸಿ ಹೇಳಿದರು. ವಯಸ್ಸಾದಂತೆ ಕೆಲವರ ರಕ್ತದಲ್ಲಿ ಒಂದೇ ಒಂದು ಕಣ ಕೊಂಚ ಬದಲಾಗಿ, ತನ್ನ ಸಂತಾನವನ್ನೇ ಬೆಳೆಸುತ್ತಾ ಹೋಗುತ್ತದಂತೆ. ಕೊಡುವಾಗಲೇ ಅದು ನನ್ನಲ್ಲಿತ್ತು. ಆಗ ಯಾರೂ ಹುಡುಕಿರಲಿಲ್ಲ. ನನ್ನ ಮೈಯಲ್ಲಿ ಇನ್ನೂ ತೆಪ್ಪಗೆ ಕೂತಿದೆ. ಆಗ ಔಷಧಿ ಕೊಟ್ಟು ಬರಿದು ಮಾಡಿದ್ದ ತಮ್ಮನ ಮೂಳೆಗೆ ಬಿದ್ದದ್ದು ಮಾತ್ರ, ಖಾಲಿ ಮನೆ ತುಂಬಿಸಲು ಒಂದೇ ಸಮ ದುಡಿದು, ಬೇಗ ಮುದಿಯಾಗಿ, ದಾರಿ ತಪ್ಪಿ, ರೋಗವಾಗಿ ಎದ್ದಿದೆ.

"ಅಂದ್ರೆ ಇವನನ್ನ ನಾನೇ ತಿಂತಿದೀನಿ."

"ನೀವಲ್ಲ ಅಜ್ಜಿ, ವಯಸ್ಸು. ಎಲ್ಲರಿಗೂ ಹೀಗಾಗಲ್ಲ. ನೀವು ಕೊಡದಿದ್ರೆ ಇವರು ಆವತ್ತೇ ಉಳೀತಿರಲಿಲ್ಲ."



"ಈ ಸಲ ನಾನು ಕೊಡ್ತೀನಪ್ಪ," ಅಂದಳು ಮಗಳು. ಅವಳದು ಅರ್ಧ ಹೊಂದುತ್ತದೆ, ಅಷ್ಟು ಸಾಕಂತೆ. ಎಳೆಯ ರಕ್ತ, ಬದಲಾದ ಕಣದ ಗುರುತೇನೂ ಇಲ್ಲ ಎಂದು ಆಗಲೇ ನೋಡಿದ್ದರು. ಆದರೆ ಅವಳದು ಹಾಕುವ ಮುಂಚೆ ತಮ್ಮನೊಳಗಿನ ನನ್ನ ಕಣಗಳನ್ನೆಲ್ಲ ಔಷಧಿ ಕೊಟ್ಟು ಸಾಯಿಸಬೇಕು. ಈ ವಯಸ್ಸಿನಲ್ಲಿ ಇನ್ನೊಮ್ಮೆ ಆ ಔಷಧಿಯನ್ನು ತಮ್ಮನ ಮೈ ತಾಳುತ್ತದೆಯೇ ಎಂದು ಕೇಳಿದೆ. ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು.

ಔಷಧಿ ಶುರುವಾದ ದಿನ ನಾನು ಅವನ ಕೋಣೆಯ ಗಾಜಿನ ಈಚೆ ಕೂತೆ. ಆಚೆ ಮಲಗಿದ್ದ ತಮ್ಮ ಫೋನಿನಲ್ಲಿ ಮಾತಾಡಿದ.

"ಅಕ್ಕಾ, ಇವತ್ತಿಂದ ನಿನ್ನ ಓಡಿಸ್ತಾರಂತೆ ಕಣೇ."

"ಒಂದನ್ನೂ ಬಿಡಬೇಡಿ ಅಂತ ಹೇಳು. ನನ್ನವು ಮಹಾ ಮೊಂಡು, ಸಂದಿಗೊಂದಿಲಿ ಅವಿತುಕೊಳ್ತವೆ."

ನಗಲು ಹೋಗಿ ಕೆಮ್ಮಿದ. ದಿಂಬಿನ ಮೇಲೆ ಕೆಂಪು ಬಿತ್ತು. ನರ್ಸು ಪರದೆ ಎಳೆದಳು.

ಫೋನು ಕಿವಿಯಲ್ಲೇ ಇತ್ತು. ಆ ಕಡೆ ಅವನು ಉಸಿರೆಳೆಯುವುದು ಕೇಳುತ್ತಿತ್ತು. ನಾನು ಮಾತಾಡದೆ ಅದನ್ನೇ ಕೇಳುತ್ತಾ ಕೂತೆ.